ಹೊಲಿಗೆ ಅಕ್ಕನ ಪುಸ್ತಕ ಮನೆಗೆ ಬಂದದ್ದು

ಊರೂರು ತಿರುಗುವವನಿಗೆ ನಗುವ ಪ್ರಸಂಗಗಳಿಗೆ ಬರ ಇಲ್ಲ. ಓಣಿಯ ನಾಯಿ ಮೊಪೆಡ್ಡಿನ ಹಿಂದೆ ಓಡಿ ಬಂದ ಹಾಗೆ ಅವು ಬೆನ್ನು ಹತ್ತಿ ಬರುತ್ತವೆ. ನಾನು ನಿಂತರೆ ಅವೂ ನಿಲ್ಲುತ್ತವೆ. ಅಳುವ ಪ್ರಸಂಗಗಳು ಹಾಗಲ್ಲ. ಅವು ನನಗಿಂತ ಮೊದಲೇ ಹೋಗಿ ಮುಂದಿನ ಊರಿನ ಕಟ್ಟೆಯ ಮೇಲೆ ಕುಂತಿರುತ್ತವೆ.

ನಾನು ಕುಕ್ಕರ್, ಗ್ಯಾಸ್ ಒಲೆ ರಿಪೇರಿ ಮಾಡುವವನು. ಐದನೇ ಇಯತ್ತೆಯಲ್ಲಿ ಸಾಲೆ ಬಿಟ್ಟು ಒಂದು ಮೆಣಸಿನಕಾಯಿ ಲಾರಿ ಹತ್ತಿದವನು, ಇನ್ನೂ ಪೂರ್ತಿ ಇಳಿದಿಲ್ಲ. ಒಂದೇ ಊರಲ್ಲಿ ಮೂರು ದಿನ ಇದ್ದರೆ ನಾಲ್ಕನೇ ದಿನ ಅಂಗಾಲು ತುರಿಸುತ್ತದೆ. ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರು ಈ ನಾಲ್ಕು ತಾಲೂಕಿನಲ್ಲಿ ನಾನು ಹೊಕ್ಕು ನೋಡದ ಅಡಿಗೆಮನೆ ಕಡಿಮೆ. ಕುಕ್ಕರು ಸೀಟಿ ಹೊಡೆಯದೆ ಹಟ ಹಿಡಿದಾಗ ಯಾವ ಮನೆಯವರೂ ನನ್ನ ಜಾತಿ ಕೇಳುವುದಿಲ್ಲ. ರಿಪೇರಿ ಆದ ಮೇಲೆ ಕೇಳುತ್ತಾರೆ.

೧. ಬೇರೆ ಓಣಿಯ ಚಹಾ

ಶಿಗ್ಗಾಂವಿಯಲ್ಲಿ ಒಬ್ಬರು ಅಕ್ಕೋರು ಇದ್ದಾರೆ. ಹೈಸ್ಕೂಲಿನಲ್ಲಿ ಕಲಿಸಿ ನಿವೃತ್ತರಾದವರು. ಅವರ ಕುಕ್ಕರಿನ ಹಿಡಿಕೆ ಕೂರಿಸುತ್ತ ಕೆಳಗೆ ಹಾಸಿದ್ದ ಹಳೇ ಪೇಪರು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. ಅದನ್ನು ನೋಡಿ ಅಕ್ಕೋರು ನನ್ನನ್ನು ತಮ್ಮ ಪುಸ್ತಕದ ಬಳಗಕ್ಕೆ ಎಳೆದುಕೊಂಡರು.

ಆ ಬಳಗದಲ್ಲಿ ದೊಡ್ಡ ಕಪಾಟಿನ ಪುಸ್ತಕ ಇರಲಿಲ್ಲ. ಗಟಾರ ಬಳಿಯುವವನ ಮಗ ಬರೆದದ್ದು, ಬೀಡಿ ಕಟ್ಟುವಾಕೆ ಬರೆದದ್ದು, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದಾಕೆ ಬರೆದದ್ದು, ಊರೇ ಇಲ್ಲದ ಅಲೆಮಾರಿ ಬರೆದದ್ದು, ಇಂಥವೇ. ನೂರೋ ಇನ್ನೂರೋ ಪ್ರತಿ ಅಚ್ಚಾಗಿ, ಬರೆದವರ ನೆಂಟರ ಮನೆಯಲ್ಲಿಯೇ ಮುಗಿದುಹೋಗುವ ಪುಸ್ತಕಗಳು.

ಬಳಗಕ್ಕೆ ಅಕ್ಕೋರು ಒಂದೇ ಒಂದು ರಿವಾಜು ಹಾಕಿದ್ದರು. ಹದಿನೈದು ದಿನದಲ್ಲಿ ಓದಬೇಕು, ಓದಿ ಮುಂದೆ ದಾಟಿಸಬೇಕು. ಆದರೆ ನಿಮ್ಮ ಓಣಿಯವರಿಗೆ ಕೊಡಕೂಡದು. ನಿಮ್ಮ ಮನೆಯವರು ಎಂದೂ ನೀರು ಕುಡಿಯದ ಮನೆಗೆ ನೀವೇ ಹೋಗಿ, ಕುಂತು, ಅವರ ಕಪ್ಪಿನಲ್ಲಿ ಚಹಾ ಕುಡಿದು, ಆಮೇಲೆ ಪುಸ್ತಕ ಕೊಡಬೇಕು. "ಓದೋದು ಸಸಾರ. ಕಪ್ಪಿಗೆ ತುಟಿ ಹಚ್ಚೋದು ವಜ್ಜ," ಅನ್ನುತ್ತಿದ್ದರು. ಯಾವ ಊರಿನಲ್ಲಿ ಯಾವ ಓಣಿ ಎಲ್ಲಿದೆ, ಅಲ್ಲಿ ಓದುವವರು ಯಾರಿದ್ದಾರೆ ಎಂದು ಹೇಳುವುದು ನನ್ನ ಕೆಲಸ.

ಮೊದಲ ದಿನ ಹನ್ನೆರಡು ಮಂದಿ ಕೂಡಿದ್ದರು. ಹನ್ನೆರಡೂ ಮಂದಿ ತಮಗೆ ಜಾತಿಗೀತಿ ಇಲ್ಲ ಎಂದು ಎದ್ದು ನಿಂತು ಹೇಳಿದರು. ಅವರಲ್ಲಿ ಜೋರಾಗಿ ಹೇಳಿದವರು ಒಬ್ಬ ನಿವೃತ್ತ ಬ್ಯಾಂಕಿನವರು. ಎಂಟು ದಿನ ಬಿಟ್ಟು ಅವರು ಬಂದಾಗ, ಹೋಗಿ ಬಂದ್ರ್ಯಾ ಎಂದು ಅಕ್ಕೋರು ಕೇಳಿದರು. ಹೋಗಿದ್ದೆ, ಚಹಾ ಕುಡಿದೆ, ಶುಂಠಿ ಹಾಕಿದ್ದರು, ಬಹಳ ಚಲೋ ಇತ್ತು ಎಂದರು. ಪುಸ್ತಕ ಏನು ಮಾಡಿದಿರಿ ಅಂದರೆ, ಅದು ಇನ್ನೂ ಅವರ ಬಗಲಿನಲ್ಲೇ ಇತ್ತು.

"ಇದ್ದ ಧೈರ್ಯ ಎಲ್ಲಾ ಚಹಾಕ್ಕ ಖರ್ಚಾತ್ರಿ," ಅಂದರು. "ಪುಸ್ತಕಕ್ಕ ಉಳೀಲಿಲ್ಲ."

೨. ತೋಳಿನ ಆಕಾರದ ಅಧ್ಯಾಯ

ಈಗ ಹೇಳಬೇಕಾದದ್ದು ಒಂದೇ ಪುಸ್ತಕದ ಮಾತು. ಬರೆದಾಕೆ ಹಿರೇಬೆಂಡಿಗೇರಿಯವಳು. ಊರ ಕಡೆಯ ಓಣಿಯಲ್ಲಿ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಪಟದ ಕೆಳಗೆ ಹೊಲಿಗೆ ಮಷಿನ್. ಪಿಯುಸಿ ಕಲಿತು, ಮುಂದೆ ಹೋಗಲಾಗದೆ ಜಂಪರ್ ಹೊಲಿಯುತ್ತ ಕುಂತಾಕೆ. ಗಂಡ ಮಕ್ಕಳು ಇರಲಿಲ್ಲ. ಆಕೆ ಮತ್ತು ಆಕೆಯ ಅವ್ವ, ಇಬ್ಬರೇ. ನಾಲ್ಕೂರಿನಲ್ಲಿ ಎಲ್ಲರೂ ಅವಳಿಗೆ ಹೊಲಿಗೆ ಅಕ್ಕ ಅನ್ನುತ್ತಿದ್ದರು.

ಜಂಪರಿಗೆ ಅಳತೆ ತೆಗೆಯುವ ಖಾಕಿ ಹಾಳೆ ಇರುತ್ತದಲ್ಲ, ಅದರ ಬೆನ್ನಿನ ಮೇಲೆ ಆಕೆ ತನ್ನ ಕತೆ ಬರೆದಳು. ಗಿರಾಕಿ ಬಂದಾಗ ಹಾಳೆ ಹೊರಳಿಸಿ ಕತ್ತರಿ ಹಿಡಿಯುವುದು, ಗಿರಾಕಿ ಹೋದ ಮೇಲೆ ಮತ್ತೆ ಹೊರಳಿಸಿ ಪೆನ್ನು ಹಿಡಿಯುವುದು. ಹೀಗಾಗಿ ಒಂದು ಅಧ್ಯಾಯ ತೋಳಿನ ಆಕಾರ, ಇನ್ನೊಂದು ಬೆನ್ನಿನ ಆಕಾರ. ಸಾಲೆಯ ಅಧ್ಯಾಯಕ್ಕೆ ಕೊರಳ ಹತ್ತಿರ ದುಂಡಗೆ ತೂತು. ಅಷ್ಟನ್ನೂ ಗಂಟು ಕಟ್ಟಿಕೊಂಡು ಹಾವೇರಿಯ ಒಂದು ಪ್ರೆಸ್ಸಿಗೆ ಹೋದಾಗ ಪ್ರೆಸ್ಸಿನವನು ಗಂಟು ಬಿಚ್ಚಿ ನೋಡಿ, ಇದು ಪುಸ್ತಕನೋ ಜಂಪರೋ ಎಂದು ಕೇಳಿದ.

"ಅಳತಿ ಬರೋಬರಿ ಐತ್ರಿ," ಅಂದಳಂತೆ. "ನೀವು ಜೋಡಿಸಿ ಕೊಡ್ರಿ, ತೊಟ್ಟಕೊಳ್ಳಾವ್ರು ತೊಟ್ಟಕೊಳ್ತಾರ."

ಅಚ್ಚಾದ ಪ್ರತಿಗಳು ಚೀಲದಲ್ಲಿ ಅಟ್ಟದ ಮೇಲಿದ್ದವು. ಮರುವರ್ಷದ ಮಳೆಯಲ್ಲಿ ಅಟ್ಟ ಸೋರಿ, ಚೀಲ ಬಿಚ್ಚಿದಾಗ ಅಂಬಲಿ ಮುದ್ದೆ. ಉಳಿದದ್ದು ಅಕ್ಕೋರ ಕೈಯಲ್ಲಿದ್ದ ಒಂದೇ ಪ್ರತಿ. ಅಕ್ಕೋರು ಅದನ್ನು ವಾಪಸ್ ಕೊಡಲು ಹೋದರೆ, ಬ್ಯಾಡ್ರಿ, ತಿರುಗಲಿ, ನಾನಂತೂ ಮಷಿನ್ ಬಿಟ್ಟು ಎಲ್ಲೂ ಹೋಗುವುದಿಲ್ಲ, ಅದಾದರೂ ನಾಲ್ಕೂರು ನೋಡಲಿ ಎಂದಳು.

ಹೋದ ವರ್ಷ ಆಕೆಯ ಎರಡೂ ಮೂತ್ರಪಿಂಡ ಕೈಕೊಟ್ಟವು. ಹುಬ್ಬಳ್ಳಿ ದವಾಖಾನೆಗೆ ಹೋದಾಕೆ ತಿರುಗಿ ಬರಲಿಲ್ಲ. ನಲವತ್ತು ತುಂಬಿರಲಿಲ್ಲ.

ಮೊನ್ನೆ ಆ ಊರಿಗೆ ಹೋದಾಗ ಅವಳ ಅವ್ವ ನನ್ನನ್ನು ಕರೆದು ಕೂರಿಸಿದಳು. ಅಕ್ಷರ ಬಾರದ ಮುದುಕಿ. ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಂತಿದ್ದಳು. ಮುಖ ನೋಡದೆ ಹೇಳಿದಳು: "ನನ್ನ ಬಗ್ಗೆ ಏನೇನೋ ಬರದಾಳಂತ. ನಾಕೂರ ಮಂದಿ ಓದ್ಯಾರ. ನಾ ಒಬ್ಬಾಕಿ ಕೇಳಿಲ್ಲ. ಓದಿ ಹೇಳವಾ ಅಂದಾಗೆಲ್ಲಾ, ಮುಂದಿನ ವಾರ ಓದ್ತೇನಿ ತಡೀಬೇ ಅಂತಿದ್ಲು. ಅಕಿ ವರ್ಷದ ದಿನಕ್ಕ ಇನ್ನ ಹದಿನೆಂಟ ದಿನ ಐತಿ. ಅಷ್ಟರಾಗ ಆ ಪುಸ್ತಕ ಮನಿಗೆ ತಾ."

ತರುತ್ತೇನೆ ಎಂದೆ. ತಂದು ನಾನೇ ಓದಿ ಹೇಳುತ್ತೇನೆ ಎಂದೂ ಅಂದೆ. ಮುದುಕಿ ಆಗ ನನ್ನ ಮುಖ ನೋಡಿದಳು.

"ನೀನು ಓದಿ ಮುಗಸೂದ್ರಾಗ ನನ್ನ ವರ್ಷದ ದಿನಾನೂ ಬರ್ತೈತಿ," ಅಂದಳು.

೩. ಸಾಹುಕಾರರು ಅತ್ತ ದಿನ

ಯಾರು ಯಾರಿಗೆ ಕೊಟ್ಟರು ಎಂದು ಬಳಗದಲ್ಲಿ ಬರೆದಿಡುತ್ತಿರಲಿಲ್ಲ. ಅಕ್ಕೋರಿಗೆ ನೆನಪಿದ್ದದ್ದು ತಾವು ಕೊಟ್ಟ ಮನೆ ಮಾತ್ರ: ಶಿಗ್ಗಾಂವಿ ಕಾಳಿನ ಪೇಟೆಯ ಒಬ್ಬ ಅಡತಿ ಸಾಹುಕಾರರು. ಅಲ್ಲಿಂದ ಶುರು ಮಾಡಿದೆ.

ಸಾಹುಕಾರರು ನನ್ನನ್ನು ಅಂಗಡಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಪುಸ್ತಕದ ಹೆಸರೆತ್ತಿದರೆ ಇನ್ನೂ ದನಿ ಸಣ್ಣದಾಗುತ್ತಿತ್ತು. ಅದರಲ್ಲಿ ಒಂದು ಕಡೆ ಹೊಲಿಗೆ ಅಕ್ಕ ತಾನು ಆರು ವರ್ಷದವಳಿದ್ದಾಗಿನ ಮಾತು ಬರೆದಿದ್ದಾಳೆ. ಅವ್ವನ ಹಿಂದೆ ಪೇಟೆಗೆ ಜೋಳ ತರಲು ಹೋದದ್ದು. ಅಂಗಡಿಯವನು ಮುಟ್ಟಿಸಿಕೊಳ್ಳಬಾರದೆಂದು ಮಾರುದ್ದ ದೂರದಿಂದ ಅವ್ವನ ಉಡಿಗೆ ಜೋಳ ಸುರಿದದ್ದು. ಅರ್ಧ ಜೋಳ ರಾಡಿಗೆ ಬಿದ್ದು, ಅವ್ವ ಕುಂತು ಒಂದೊಂದೇ ಕಾಳು ಆರಿಸಿದ್ದು. ಅಂಗಡಿಯ ಹೆಸರು ಬರೆದಿಲ್ಲ. ಮುಂದೆ ಜೋಡಿ ಬೇವಿನ ಗಿಡ ಇದ್ದವು ಎಂದಷ್ಟೇ ಬರೆದಿದ್ದಾಳೆ.

"ಇಡೀ ಪ್ಯಾಟ್ಯಾಗ ಜೋಡಿ ಬೇವಿನ ಗಿಡ ಇರೋದು ನಮ್ಮ ಅಂಗಡಿ ಮುಂದ ಅಷ್ಟ," ಅಂದರು ಸಾಹುಕಾರರು. "ಸುರುವಿದವರು ನಮ್ಮಪ್ಪ."

ಅದನ್ನು ಓದಿದ್ದು ಪೇಟೆ ತುಂಬಿದ ಹೊತ್ತಿನಲ್ಲಿ, ಗಾದಿಯ ಮೇಲೆ. ಕಣ್ಣೀರು ತಡೆಯಲಿಲ್ಲ. ಅದನ್ನು ಒಬ್ಬ ಹಮಾಲ ನೋಡಿದ. ಅವನಿಗೆ ಪುಸ್ತಕ ಕಾಣಲಿಲ್ಲ, ಸಾಹುಕಾರರ ಕೈಯಲ್ಲಿದ್ದ ಫೋನು ಕಂಡಿತು. ಸಾಹುಕಾರ ಅಳುತ್ತಾನೆ ಅಂದರೆ ಗೋವಿನಜೋಳದ ರೇಟು ಬಿದ್ದಿದೆ ಎಂದೇ ಲೆಕ್ಕ. ಮಾತು ಪೇಟೆ ತುಂಬ ಓಡಿತು. ಚೀಲ ಇಳಿಸುತ್ತಿದ್ದವರು ಮತ್ತೆ ಏರಿಸಿದರು. ಹೆದ್ದಾರಿಯ ಮೇಲೆ ಬರುತ್ತಿದ್ದ ಟ್ರ್ಯಾಕ್ಟರುಗಳು ಅಲ್ಲಿಂದಲೇ ತಿರುಗಿದವು. ಉಳಿದ ಅಂಗಡಿಯವರು ಓಡಿ ಬಂದು, ಎಷ್ಟು ಬಿತ್ತು ಎಂದು ಇವರ ಭುಜ ಹಿಡಿದು ಅಲುಗಾಡಿಸಿದರು. ಪುಸ್ತಕ ಓದಿ ಅತ್ತೆ ಎಂದರೆ ಇರುವ ಮರ್ಯಾದೆಯೂ ಹೋಗುತ್ತದೆಂದು ಸಾಹುಕಾರರು, ಹೌದು, ಬಿದ್ದೈತಿ ಎಂದುಬಿಟ್ಟರು.

ಮರುದಿನ ಖರೇನೇ ಬಿತ್ತು. ಅಂದಿನಿಂದ ರೈತರು ಪೇಟೆಗೆ ಬಂದರೆ ಮೊದಲು ಸಾಹುಕಾರರ ಕಣ್ಣು ಒಣಗಿವೆಯೋ ಇಲ್ಲವೋ ನೋಡುತ್ತಾರೆ, ಆಮೇಲೆ ಚೀಲ ಇಳಿಸುತ್ತಾರೆ.

೪. ಹುಲಗೂರಿನ ಸಕ್ಕರೆ

ಸಾಹುಕಾರರು ಪುಸ್ತಕ ಕೊಟ್ಟದ್ದು ಹುಲಗೂರಿನ ದರ್ಗಾದ ಹತ್ತಿರ ಬಳೆ ಮಾರುವ ಒಬ್ಬ ಹೆಂಗಸಿಗೆ. ಅವಳು ಏಳನೇ ಇಯತ್ತೆ ಓದಿದವಳು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಓಣಿಯ ಹೆಂಗಸರನ್ನೆಲ್ಲ ಕೂರಿಸಿಕೊಂಡು ದಿನಕ್ಕೆ ನಾಲ್ಕು ಪುಟ ಗಟ್ಟಿಯಾಗಿ ಓದುತ್ತಿದ್ದಳಂತೆ. ನಾಲ್ಕು ಪುಟಕ್ಕೆ ನಲವತ್ತು ಮಾತು ನಡುವೆ ಬಂದರೆ ಹದಿನೈದು ದಿನ ಎಲ್ಲಿ ಸಾಲಬೇಕು? ಹೊಲಿಗೆ ಅಕ್ಕ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಂತ ಪುಟಕ್ಕೆ ಬರುವಷ್ಟರಲ್ಲಿ ಅವಧಿ ಮುಗಿಯಿತು. ಬಳೆಗಾರ್ತಿ ರಿವಾಜಿಗೆ ಗಟ್ಟಿ. ಉಳಿದದ್ದನ್ನು ತಾನೊಬ್ಬಳೇ ಓದಿ ಮುಗಿಸಿ, ಪುಸ್ತಕವನ್ನು ಹಸಿರು ಸಾಟಿನ್ ತುಂಡಿನಲ್ಲಿ ಸುತ್ತಿ ಸವಣೂರಿಗೆ ಒಯ್ದು ಕೊಟ್ಟಳು.

ನಾನು ಹೋದ ದಿನ ಬಳೆಗಾರ್ತಿ ಸಂತೆಗೆ ಹೋಗಿದ್ದಳು, ಇಷ್ಟನ್ನೂ ಫೋನಿನಲ್ಲಿ ಹೇಳಿದಳು. ಪಕ್ಕದ ಮನೆಯ ಮುದುಕಿ ಇದ್ದಳು. ಪುಸ್ತಕದ ಮಾತು ಬಂದ ಕೂಡಲೇ ಎದ್ದು ಬಂದು ನನ್ನ ಕೈ ಹಿಡಿದಳು.

"ಆ ಛೋಕ್ರಿ ಪಾಸಾತೇನು ಬೇಟಾ?"

ಯಾವ ಛೋಕ್ರಿ ಎಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಪುಸ್ತಕದೊಳಗಿನ ಹುಡುಗಿ ಹಾಲ್ ಟಿಕೆಟ್ ಹಿಡಿದು ಸಾಲೆಯ ಮೆಟ್ಟಿಲು ಹತ್ತಿದ್ದನ್ನು ಮಾತ್ರ ಮುದುಕಿ ಕೇಳಿದ್ದಳು. ಅಂದಿನಿಂದ ಆ ಹುಡುಗಿ ಪಾಸಾಗಲಿ ಎಂದು ಪ್ರತಿ ಗುರುವಾರ ದರ್ಗಾದಲ್ಲಿ ಫಾತಿಹಾ ಓದಿಸಿ ಸಕ್ಕರೆ ಹಂಚುತ್ತಿದ್ದಳು. ಪರೀಕ್ಷೆ ಮುಗಿದು ಇಪ್ಪತ್ತು ವರ್ಷದ ಮೇಲಾಗಿತ್ತು, ಬರೆದವಳು ಹೋಗಿ ಹನ್ನೊಂದು ತಿಂಗಳು ಮೀರಿತ್ತು. ಇಬ್ಬರ ನಡುವೆ ಇದ್ದದ್ದು ಹನ್ನೆರಡು ಮೈಲಿ ದಾರಿ.

ನಾನೂ ಅಷ್ಟು ದೂರ ಓದಿರಲಿಲ್ಲ. ಆದರೆ ಪಿಯುಸಿ ಕಲಿತವಳು ಅದಕ್ಕಿಂತ ಮೊದಲು ಪಾಸಾಗಿರಲೇಬೇಕಲ್ಲ. ಪಾಸಾದಳು ಅಮ್ಮ ಎಂದೆ. ಈಗ ಹೇಗಿದ್ದಾಳೆ ಎಂದು ಕೇಳಿದಳು. ಆರಾಮ ಇದ್ದಾಳೆ ಎಂದೆ. ಮುದುಕಿ ಎರಡೂ ಕೈಯಿಂದ ನನ್ನ ಮುಖ ಸವರಿ ತನ್ನ ಹಣೆಗೆ ನೆಟಿಗೆ ಮುರಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೊಪೆಡ್ ಚಾಲೂ ಮಾಡಿದೆ. ಹಿಂದಿನಿಂದ ಆಕೆ ಪಕ್ಕದ ಮನೆಯಾಕೆಗೆ ಹೇಳುವುದು ಕೇಳಿಸಿತು.

"ನಮ್ಮ ಮೊಮ್ಮಗನೂ ಈ ಸಲ ಕುಂತಾನ. ಅವಂಗ ಸಕ್ಕರಿ ಸಾಲಂಗಿಲ್ಲ, ಪೇಡಾನ ಬೇಕು."

೫. ಸವಣೂರಿನ ಪೂಜೆ

ಸವಣೂರಿನಲ್ಲಿ ಪುಸ್ತಕ ಹೋದದ್ದು ಒಬ್ಬ ನಿವೃತ್ತ ಪೋಸ್ಟ್‌ಮಾಸ್ತರರ ಮನೆಗೆ. ವೈಷ್ಣವರು, ಮೂರು ತಲೆಮಾರು ಸಂಸ್ಕೃತ ಪಾಠ ಹೇಳಿದ ಮನೆತನ. ಬಳೆಗಾರ್ತಿ ಬಂದಾಗ ಮಾಸ್ತರರು ಗಾಬರಿಯಾಗಲಿಲ್ಲ, ಒಳಗೆ ಕರೆದು ಕೂರಿಸಿ ಚಹಾ ಕೊಟ್ಟರು. ಪುಸ್ತಕವನ್ನು ಮಾತ್ರ ಎಲ್ಲಿಡುವುದು ತಿಳಿಯದೆ ಸಾಟಿನ್ ಬಟ್ಟೆಯ ಸಮೇತ ನಡುಮನೆಯ ಗೋಡೆಯ ಮಾಡದಲ್ಲಿ ಇಟ್ಟು ಹುಬ್ಬಳ್ಳಿಗೆ ಮಗಳ ಮನೆಗೆ ಹೋದರು.

ಅವರ ತಾಯಿಗೆ ತೊಂಬತ್ತರ ಹತ್ತಿರ. ಕಣ್ಣು ಮಂಜು, ಮಡಿ ಮಾತ್ರ ಚುರುಕು. ಮಾಡದಲ್ಲಿ ರೇಷ್ಮೆಯಂಥ ಬಟ್ಟೆ ಸುತ್ತಿದ ಗ್ರಂಥ ಕೈಗೆ ತಗಲಿತು. ಮಗ ಮಠದಿಂದ ಯಾವುದೋ ಪುರಾಣ ತಂದಿರಬೇಕೆಂದು ದೇವರ ಕೋಣೆಗೆ ಒಯ್ದು ಪೀಠದ ಮೇಲಿಟ್ಟರು. ಎಂಟು ದಿನ ತುಳಸಿ, ಗಂಧ, ಮಂಗಳಾರತಿ. ಮಾಸ್ತರರು ತಿರುಗಿ ಬಂದು ನೋಡಿದರೆ ಕಡೆಯ ಓಣಿಯ ಹೊಲಿಗೆ ಅಕ್ಕ ಸಾಲಿಗ್ರಾಮದ ಮಗ್ಗುಲಲ್ಲಿ ಕುಂತಿದ್ದಾಳೆ.

ಹೇಳಲು ಧೈರ್ಯ ಸಾಲಲಿಲ್ಲ. ಅಂದೇ ಸಂಜೆ ತಾಯಿ, ಪುರಾಣ ಪೀಠದ ಮ್ಯಾಲಿಟ್ಟು ಓದದ ಇರಬಾರದಪ್ಪಾ, ಓದು ಎಂದು ಕಣ್ಣು ಮುಚ್ಚಿ ಕುಂತರು. ಮಾಸ್ತರರು ಬೆವರು ಒರೆಸಿಕೊಂಡು ಶುರು ಮಾಡಿದರು. ಸಾಲೆಯಲ್ಲಿ ನೀರಡಿಸಿದ ಹುಡುಗಿ, ಯಾರಾದರೂ ಮೇಲಿನಿಂದ ಬೊಗಸೆಗೆ ಹೊಯ್ಯಲಿ ಎಂದು ಕೊಡದ ಮುಂದೆ ನಿಂತ ಪುಟ ಬಂತು. ತಾಯಿ ಕಣ್ಣು ತೆರೆದರು. ಇದು ಯಾವ ಪುರಾಣ ಎಂದು ಕೇಳಿದರು. ಮಾಸ್ತರರು ತಡವರಿಸಿ, ಹಿರೇಬೆಂಡಿಗೇರಿಯದು ಎಂದರು.

"ಮುಂದ ಓದು," ಅಂದರು. "ಆ ಕೂಸಿಗೆ ಯಾರರ ನೀರು ಹಾಕಿದ್ರೋ ಇಲ್ಲೋ, ಅದನ್ನ ಮೊದಲ ಹೇಳು."

ಇಲ್ಲ ಎಂದರು ಮಾಸ್ತರರು. ಮುದುಕಿ ಪುಸ್ತಕ ಪೀಠದಿಂದ ಇಳಿಸಲು ಹೇಳಿದರು. ಮೈಲಿಗೆ ಆಯಿತೆಂದು ಇಳಿಸಹೇಳಿದರೋ ಎಂದು ಮಗ ಹೆದರಿದರೆ, ಹಾಗಲ್ಲ.

"ಅಕೀನ್ನ ಅಲ್ಲಿ ಯಾಕ ಕೂಡಿಸೀದಿ?" ಅಂದರು. "ಆ ದೇವರು ಎಂಟು ದಿವಸದಿಂದ ಕೇಳಿಸಿಕೊಂಡು ಸುಮ್ನ ಕೂತಾನ. ಅಕಿಗೆ ಅಲ್ಲೇನು ಕೆಲಸ?"

೬. ಹಾನಗಲ್ಲಿನ ಅರ್ಧ ಗಡ್ಡ

ಮುಂದೆ ಯಾರಿಗೆ ಕೊಡಬೇಕೆಂದು ಆ ತಾಯಿಯೇ ಹೇಳಿದರು. ಅವರ ಅತ್ತೆ ಗಂಡ ಸತ್ತ ಮೇಲೆ ಬದುಕಿದಷ್ಟು ಕಾಲ ತಲೆ ಬೋಳಿಸಿಕೊಂಡಿದ್ದವರು. ತಿಂಗಳಿಗೊಮ್ಮೆ ಒಬ್ಬ ಹಡಪದ ಮುದುಕ ಹಿತ್ತಲ ಬಾಗಿಲಿಗೆ ಬಂದು, ದನದ ಕೊಟ್ಟಿಗೆಯಲ್ಲಿ ಕ್ಷೌರ ಮಾಡಿ ಹೋಗುತ್ತಿದ್ದ. ಅತ್ತೆ ಸದ್ದಿಲ್ಲದೆ ಅಳುತ್ತಿದ್ದರಂತೆ, ಅವನೂ ಅಳುತ್ತಲೇ ಕತ್ತಿ ಎಳೆಯುತ್ತಿದ್ದನಂತೆ. ಅಷ್ಟು ವರ್ಷದಲ್ಲಿ ಅವನಿಗೆ ಆ ಮನೆಯಲ್ಲಿ ಒಂದು ತಂಬಿಗೆ ನೀರು ಕೊಟ್ಟಿರಲಿಲ್ಲ. ಅವನ ಮೊಮ್ಮಗ ಹಾನಗಲ್ಲಿನಲ್ಲಿ ಕಟಿಂಗ್ ಅಂಗಡಿ ಇಟ್ಟಿದ್ದಾನೆಂದು ಮುದುಕಿಗೆ ಗೊತ್ತಿತ್ತು. ಬಾಡಿಗೆ ಕಾರು ತರಿಸಿ, ಮಗನನ್ನು ಕರೆದುಕೊಂಡು ತಾವೇ ಹೋದರು.

ಇದನ್ನು ನನಗೆ ಹೇಳಿದವನು ಆ ಕಟಿಂಗ್ ಅಂಗಡಿಯವನು. ಸೀದಾ ಅಂಗಡಿಯೊಳಗೆ ಬಂದ ಮಡಿ ಮುದುಕಿಯನ್ನು ಕಂಡು ಅವನು ಕತ್ತಿ ಕೆಳಗಿಟ್ಟ. ಕುರ್ಚಿಯ ಮೇಲಿದ್ದ ಗಿರಾಕಿಗೆ ಒಂದು ಕೆನ್ನೆ ಮುಗಿದಿತ್ತು, ಇನ್ನೊಂದಕ್ಕೆ ನೊರೆ ಹಚ್ಚಿತ್ತು. ಅವನನ್ನು ಹಾಗೆಯೇ ಬಿಟ್ಟು ಚಹಾ ತರಲು ಓಡಿದ. ಮುದುಕಿ ಹುಟ್ಟಿದಾಗಿನಿಂದ ಹೊರಗೆ ನೀರು ಕುಡಿದವರಲ್ಲ. ಚಹಾದ ರುಚಿಯೇ ಗೊತ್ತಿಲ್ಲ. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಏನೋ ಗೊಣಗಿ, ಒಂದು ಗುಟುಕು ಕುಡಿದರು. ನೊರೆಯ ಗಿರಾಕಿ, ಮಾಸ್ತರರು, ಕಾರಿನವ, ಎಲ್ಲರೂ ಕಪ್ಪನ್ನೇ ನೋಡುತ್ತಿದ್ದರು.

"ನಿಮ್ಮಜ್ಜಗ ಕೊಡಬೇಕಾಗಿದ್ದ ನೀರು ನಾ ಕೊಡಲಿಲ್ಲ," ಅಂದರು. "ಅದಕ್ಕ ನಿನ್ನ ಕಡೆ ಬಂದು ಕುಡದೀನಿ. ತಪ್ಪಾತು ಅಂತ ತಿಳಕೋ."

ಮುದುಕಿ ಇನ್ನೊಂದು ಗುಟುಕು ಕುಡಿದು ಮುಖ ಕಿವುಚಿದರು.

"ಆದ್ರ ಇದರಾಗ ಏನದನೋ? ಇಷ್ಟಕ್ಕ ನಾವು ನೂರು ವರ್ಷ ಒಬ್ಬರ ಮನೀಗೆ ಒಬ್ಬರು ಹೋಗಲಿಲ್ಲೇನು?"

೭. ಹನ್ನೊಂದು ಮನೆಯ ಪುಸ್ತಕ

ಕಟಿಂಗ್ ಅಂಗಡಿಯವನು ಪುಸ್ತಕ ಕೊಟ್ಟದ್ದು ಹಿರೇಕೆರೂರಿನ ಆಚೆಯ ಒಂದು ಲಂಬಾಣಿ ತಾಂಡಾದಲ್ಲಿ, ಮಹಿಳಾ ಸಂಘದ ಮುಖ್ಯಸ್ಥೆಗೆ. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ವರ್ಷದ ದಿನಕ್ಕೆ ಮೂರೇ ದಿನ ಉಳಿದಿತ್ತು. ನಡುವೆ ಮೊಪೆಡ್ಡಿನ ಚೈನು ಹರಿದು ಎರಡು ದಿನ, ಮಾಸ್ತರರು ಊರಲ್ಲಿಲ್ಲದೆ ನಾಲ್ಕು ದಿನ, ಹಾನಗಲ್ಲಿನಲ್ಲಿ ಹಳೇ ಗಿರಾಕಿಗಳು ಕುಕ್ಕರ್ ಹಿಡಿದು ನಿಂತು ಮೂರು ದಿನ ಹೋಗಿದ್ದವು.

ಮುಖ್ಯಸ್ಥೆಯ ಮನೆಯಲ್ಲಿ ಚಹಾ ಕುಡಿದು ಪುಸ್ತಕ ಕೇಳಿದೆ. ಒಳಗೆ ಹೋಗಿ ರಟ್ಟು ತಂದು ಕೈಗಿಟ್ಟಳು. ಬರೀ ರಟ್ಟು. ಒಳಗೆ ಒಂದು ಹಾಳೆ ಇಲ್ಲ.

ತಾಂಡಾದಲ್ಲಿ ಓದು ಬಲ್ಲ ಹೆಂಗಸರು ಹನ್ನೊಂದು ಮಂದಿ. ಅವಧಿ ಹದಿನೈದು ದಿನ. ಒಬ್ಬೊಬ್ಬರಾಗಿ ಓದಿದರೆ ಯಾವಾಗ ಮುಗಿಯಬೇಕು? ಅದಕ್ಕೆ ಬೆನ್ನಿನ ದಾರ ಬಿಚ್ಚಿ, ಹನ್ನೊಂದು ಕಟ್ಟು ಮಾಡಿ, ಮನೆಗೊಂದು ಹಂಚಿಬಿಟ್ಟಿದ್ದರು. ರಿವಾಜು ಮುರಿದಿರಲಿಲ್ಲ.

ಕೊಡ್ರಿ ಎಂದು ಮನೆ ಮನೆಗೆ ತಿರುಗಿದೆ. ಯಾರೂ ಸುಲಭಕ್ಕೆ ಬಿಡಲಿಲ್ಲ. ಮೂರನೇ ಕಟ್ಟಿನಾಕೆ ನಾಲ್ಕನೆಯದು ಓದದೆ ಕೊಡುವುದಿಲ್ಲ ಅಂದಳು. ಏಳನೇ ಕಟ್ಟು ಮೊದಲು ಓದಿದಾಕೆಗೆ ಹುಡುಗಿ ಯಾರ ಮಗಳೆಂದೇ ಗೊತ್ತಿರಲಿಲ್ಲ; ಆದರೂ ಅವಳ ಪರವಾಗಿ ಯಾರ ಮೇಲೋ ಸಿಟ್ಟಾಗಿದ್ದಳು. ನಾನು ಅಂಗಳದಲ್ಲಿ ಕುಂತು ಹಿರೇಬೆಂಡಿಗೇರಿಯ ಅವ್ವನ ಮಾತು ಹೇಳಿದೆ. ಬರೆದಾಕೆ ಈಗ ಇಲ್ಲ ಎಂದೆ. ಅದು ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಒಬ್ಬೊಬ್ಬಳೇ ಎದ್ದು ಹೋಗಿ ತನ್ನ ಕಟ್ಟು ತಂದಳು. ಒಬ್ಬಾಕೆ ಕಸೂತಿಯ ಸೂಜಿ ತಂದು ಅಲ್ಲೇ ಕೆಂಪು ದಾರದಿಂದ ಬೆನ್ನು ಹೊಲಿದಳು.

ಎಣಿಸಿದರೆ ಹತ್ತು ಕಟ್ಟು. ಹನ್ನೊಂದನೆಯದು, ಕಡೆಯ ಅಧ್ಯಾಯದ್ದು, ಇಲ್ಲ. ಅದನ್ನು ಹಿಡಿದಿದ್ದಾಕೆ ಗಂಡನ ಜೊತೆ ಕಬ್ಬು ಕಡಿಯಲು ದೂರದ ಸೀಮೆಗೆ ಹೋಗಿದ್ದಳು, ಸೀರೆಯ ಗಂಟಿನಲ್ಲಿ ಹಾಳೆಯನ್ನೂ ಕಟ್ಟಿಕೊಂಡು. ಬರುವುದು ನಾಲ್ಕು ತಿಂಗಳ ಮೇಲೆ.

ನನಗೆ ಸಿಟ್ಟು ಬಂತು. ಕೊಟ್ಟು ಹೋಗಬೇಕಿತ್ತಲ್ಲ ಎಂದೆ. ಮುಖ್ಯಸ್ಥೆಗೂ ಸಿಟ್ಟು ಬಂತು.

"ಹದಿನೈದು ದಿನದಾಗ ಮುಗಸ್ಬೇಕು ಅಂದವ್ರು ನೀವು," ಅಂದಳು. "ಆಕಿ ಕಬ್ಬಿನ ಹೊಲದಾಗ ಕುಂತಾದ್ರೂ ಓದಿ ರಿವಾಜು ಪಾಲಸ್ಬೇಕು ಅಂತ ಒಯ್ದಾಳ. ಮುಗಸಿ ಯಾರಿಗೆ ಕೊಡಬೇಕು, ಅದನ್ನ ಹೇಳ್ರಿ. ಅಲ್ಲಿ ಬರೇ ಎತ್ತು ಅದಾವ."

೮. ಹಿರೇಬೆಂಡಿಗೇರಿ

ವರ್ಷದ ದಿನದ ಹಿಂದಿನ ದಿನ ನಸುಕಿನಲ್ಲೇ ಮುಟ್ಟಿದೆ. ಮುದುಕಿ ಅಂದೂ ಮೆಣಸಿನಕಾಯಿಯ ಮುಂದೆಯೇ ಕುಂತಿದ್ದಳು. ಪುಸ್ತಕ ಕೊಟ್ಟರೆ ಮುಟ್ಟಲಿಲ್ಲ. ಖಾರದ ಕೈ ಎಂದಳು. ಓದು ಎಂದಳು. ಕಡೆಯ ಹಾಳೆಗಳಿಲ್ಲ ಎಂದು ಮೊದಲೇ ಹೇಳಬೇಕಿತ್ತು. ಹೇಳದೆ ಮೊದಲ ಪುಟ ತೆಗೆದೆ.

ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದೆ. ಮೂರನೇ ಪುಟದಲ್ಲಿ, ಅವ್ವ ನನಗೆ ಸೌಟಿನಿಂದ ಹೊಡೆದಳು ಎಂದು ಬಂತು.

"ಸುಳ್ಳ," ಅಂದಳು ಮುದುಕಿ. "ಕಸಬರಗೀಲೆ ಹೊಡದಿದ್ನಿ. ಆವಾಗ ಮನ್ಯಾಗ ಸೌಟು ಎಲ್ಲಿತ್ತು?"

ಅಲ್ಲಿಂದ ಶುರುವಾಯಿತು ತಾಯಿ ಮಗಳ ಜಗಳ. ನಡುವೆ ನಾನು. ಮಗಳು ಮೂರು ಮೈಲಿ ನಡೆದು ಸಾಲೆಗೆ ಹೋದೆ ಎಂದು ಬರೆದರೆ, ಅವ್ವ ಒಂದೂವರೆ, ಅದೂ ಅರ್ಧ ದಾರಿ ನನ್ನ ಟೊಂಕದ ಮೇಲೆ ಅನ್ನುವಳು. ಮಗಳು ಅಪ್ಪನನ್ನು ಸಾಧು ಎಂದರೆ, ಅವ್ವ ಮೆಣಸಿನಕಾಯಿ ಎತ್ತಿ ಒಗೆಯುವಳು. ಎಸ್ಸೆಸ್ಸೆಲ್ಸಿ ಪಾಸಾದ ದಿನ ಅವ್ವ ಹೋಳಿಗೆ ಮಾಡಿದಳು ಎಂದದ್ದಕ್ಕೆ ಮಾತ್ರ ಏನೂ ಅನ್ನಲಿಲ್ಲ. ಯಾಕಬೇ, ಇದು ಖರೆ ಏನು ಎಂದೆ. ಇದೂ ಸುಳ್ಳ, ಆದರೆ ಇದು ಇರಲಿ ಅಂದಳು.

ಜೋಳದ ಪುಟ ಬಂತು. ರಾಡಿಯಲ್ಲಿ ಕುಂತು ಅವ್ವ ಒಂದೊಂದೇ ಕಾಳು ಆರಿಸಿದಳು, ಅವ್ವ ಅಳಲಿಲ್ಲ, ಎಂದು ಬರೆದಿತ್ತು. ಮುದುಕಿಯ ಕೈ ನಿಂತವು.

"ಅತ್ತಿದ್ನಿ," ಅಂದಳು. "ಅಕಿ ಹಿಂದ ನಿಂತಿದ್ಲು. ಕಾಣಲಿಲ್ಲ."

ಹೊತ್ತು ಇಳಿಯುವಾಗ ಹತ್ತನೇ ಕಟ್ಟಿನ ಕಡೆಯ ಪುಟ ಬಂತು. ಅದರ ಕಡೆಯ ಸಾಲು: ನಮ್ಮವ್ವನ ಬಗ್ಗೆ ಒಂದು ಮಾತು ನಾನು ಯಾರಿಗೂ ಹೇಳಿಲ್ಲ, ಅವಳಿಗೂ ಹೇಳಿಲ್ಲ, ಅದೇನೆಂದರೆ. ಅಷ್ಟೇ. ಅದರ ಮುಂದೆ ರಟ್ಟು.

"ಏನಂದ್ರ?" ಅಂದಳು ಮುದುಕಿ.

ಆಗ ಎಲ್ಲ ಹೇಳಿದೆ, ಕಬ್ಬಿನ ಗ್ಯಾಂಗು, ಸೀರೆಯ ಗಂಟು, ನಾಲ್ಕು ತಿಂಗಳು. ತಲೆ ಎತ್ತಲಾಗದೆ, ಆ ಹಾಳೆ ಓದಿದವರು ಇದ್ದಾರಬೇ, ಸಾಹುಕಾರರಿದ್ದಾರೆ, ಮಾಸ್ತರರಿದ್ದಾರೆ, ಈಗಲೇ ಫೋನು ಹಚ್ಚಿ ಕೇಳುತ್ತೇನೆ ಎಂದು ಕಿಸೆಗೆ ಕೈ ಹಾಕಿದೆ. ಮುದುಕಿ ಬೇಡವೆಂದು ಕೈ ಮಾಡಿದಳು. ಮಗಳ ಮಾತು ಕಂಡವರ ಬಾಯಿಂದ ಕೇಳುವ ಪಾಳಿ ತನಗೆ ಬಂದಿಲ್ಲ, ಆ ಹೆಣ್ಣುಮಗಳು ಕಬ್ಬು ಕಡಿದು ಬರಲಿ, ಆಗಲೇ ಓದು ಎಂದಳು.

ಸೆರಗಿನಿಂದ ಕಣ್ಣು ಒರೆಸಿಕೊಳ್ಳಲು ಹೋಗಿ ಖಾರದ ಕೈ ನೆನಪಾಗಿ ನಿಲ್ಲಿಸಿದಳು. ನೀರು ಹಾಗೆಯೇ ಇಳಿಯಿತು. ಇಳಿಯುತ್ತಿರುವಾಗಲೇ ತುಟಿಯ ಮೂಲೆಯಲ್ಲಿ ನಗು ಬಂತು. ಮಷಿನಿನ ಕಡೆ ನೋಡಿ, ಅಲ್ಲಿ ಯಾರೋ ಕುಂತಿದ್ದಾರೆ ಎಂಬಂತೆ ಹೇಳಿದಳು.

"ನಲವತ್ತ ವರ್ಷ ಜಗಳಾಡೇವಿ. ಒಂದ ದಿನಾನೂ ಕಡೀ ಮಾತು ನನಗ ಬಿಟ್ಟಾಕಿ ಅಲ್ಲ. ಇನ್ನ ನಾಕ ತಿಂಗಳು ಈ ಮನ್ಯಾಗ ಕಡೀ ಮಾತು ನಂದು."